ತಾರಸಿಯ ಮೇಲೆ ಆಲ್ಗಾಲ್

ನಕ್ಷತ್ರ ನೋಡುವವರಿಗೆ ಮೋಡದಿಂದ ಆಗುವ ತೊಂದರೆ ಕಡಿಮೆ, ಮನುಷ್ಯರಿಂದ ಆಗುವುದೇ ಹೆಚ್ಚು. ಇದು ನನ್ನ ಅನುಭವದ ಮಾತು. ಅನುಭವವಾಗುವುದು ಇನ್ನೂ ನಿಂತಿಲ್ಲ.

ಹಗಲು ನಾನು ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಎರಕದ ಬಿಡಿಭಾಗಗಳ ಐಬು ಹುಡುಕುವವಳು. ಸಂಜೆ ವಿದ್ಯಾನಗರದ ಬಾಡಿಗೆ ಮನೆಯ ತಾರಸಿ ಹತ್ತಿ ಆಲ್ಗಾಲ್ ಎಂಬ ನಕ್ಷತ್ರದ ಐಬು ಹುಡುಕುತ್ತೇನೆ. ನೋಡಲು ಅದು ಒಂದೇ, ನಿಜವಾಗಿ ಎರಡು. ಎರಡೂ ಒಂದನ್ನೊಂದು ಸುತ್ತುತ್ತವೆ. ಮಂಕಾದದ್ದು ಹೊಳೆಯುವುದಕ್ಕೆ ಅಡ್ಡ ಬಂದಾಗ ಬೆಳಕು ಇಳಿಯುತ್ತದೆ, ಆಮೇಲೆ ಏರುತ್ತದೆ. ಅದೂ ಬರಿಗಣ್ಣಿಗೇ ಕಾಣುತ್ತದೆ! ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತ್ತು. ಮೂರು ದಿನ ತುಂಬುವ ಮೊದಲೇ ಮತ್ತೆ ಹೀಗಾಗುತ್ತದೆ. ಆದರೆ ಒಮ್ಮೆ ಹಗಲು, ಒಮ್ಮೆ ಬೆಳಗಿನ ಜಾವ. ಅನುಕೂಲವಾದ ಸಂಜೆ ಸಿಗುವುದು ಮೂರು ವಾರಕ್ಕೊಮ್ಮೆ.

ನನ್ನ ಆಸೆ ಒಂದೇ. ಕಣ್ಣಿಗೆ ಎದ್ದು ಕಾಣುವ ನಾಲ್ಕು ಗಂಟೆಯ ಇಳಿತ, ಏರಿಕೆ ಪೂರ್ತಿ, ಕಾಲು ಗಂಟೆಗೊಮ್ಮೆ ಒಂದೂ ತಪ್ಪದೆ ಬರೆದು ಹವ್ಯಾಸಿಗಳ ಗುಂಪಿಗೆ ಕಳಿಸಬೇಕು. ಅರ್ಧಂಬರ್ಧ ದಾಖಲೆಯನ್ನು ಅವರು ಹಿಂದಿನ ವರ್ಷ ಎರಡು ಸಲ ವಾಪಸ್ ಮಾಡಿದ್ದರು. ಈ ಚಳಿಗಾಲದಲ್ಲಿ ಇದ್ದದ್ದು ಮೂರೇ ಅವಕಾಶ.

೧. ದೀಪದ ದೂರು

ನಮ್ಮ ತಾರಸಿಯ ಎದುರಿಗೇ ಬೀದಿ ದೀಪ. ಒಂದು ಸಂಜೆಯ ಮಟ್ಟಿಗೆ ಆರಿಸಿಕೊಡಿ ಎಂದು ಕೇಳಲು ದೀಪ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. "ನಮ್ಮ ರೋಡಿನ ಲೈಟಿಂದ ತೊಂದರೆ ಆಗ್ತಿದೆ" ಅನ್ನುವಷ್ಟರಲ್ಲೇ ಅವರು, "ಗೊತ್ತಾಯ್ತು ಮೇಡಂ, ಕಂಬದ ನಂಬರ್ ಹೇಳಿ" ಎಂದರು. ಹೇಳಿದೆ. ಫೋನ್ ಇಟ್ಟೇಬಿಟ್ಟರು. ದೀಪ ಉರಿಯುತ್ತಿದೆ ಅಂತ ದೂರು ಕೊಡುವವರನ್ನು ಪಾಪ, ಅವರು ಎಲ್ಲಿ ಕಂಡಿರುತ್ತಾರೆ.

ಮೊದಲ ಅವಕಾಶದ ಸಂಜೆ ನಾನು ಕೆಲಸ ಮುಗಿಸಿ ಬರುವಾಗ ಅವರು ಏಣಿ ಮಡಚುತ್ತಿದ್ದರು. ರಸ್ತೆಯೆಲ್ಲ ಮದುವೆ ಮನೆಯಂತೆ ಝಗಝಗ. "ಡಬಲ್ ಪವರ್‌ದು ಹಾಕಿದೀನಿ ಮೇಡಂ. ಇನ್ನು ನಿಮ್ಮ ತಾರಸಿ ಮೇಲೆ ಸೂಜಿ ಬಿದ್ರೂ ಸಿಗುತ್ತೆ."

ಸೂಜಿ ಸಿಗುತ್ತಿತ್ತೋ ಏನೋ, ಆ ಸಂಜೆ ನಕ್ಷತ್ರವಂತೂ ಸಿಗಲಿಲ್ಲ.

೨. ಮಂಡಿಯ ಕಣ್ಣು

ಎರಡನೆಯ ಸಲ ಭದ್ರಾವತಿಯ ಅಕ್ಕನ ಮನೆ ತಾರಸಿಗೆ ಹೋದೆ. ಜೊತೆಗೆ ನಮ್ಮ ಮನೆಯವರು. ಅವರು ಅಡಿಕೆ ಮಂಡಿಯಲ್ಲಿ ದರ್ಜೆ ಬೇರ್ಪಡಿಸುವ ಕೆಲಸದಲ್ಲಿರುವವರು.

ಅರ್ಧ ಗಂಟೆ ಸುಸೂತ್ರವಾಗಿ ನಡೆಯಿತು. ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು. ಆಮೇಲೆ ಬರ್ತೀನಿ ಅಂದರೆ, "ನನ್ನ ಅಡುಗೆಗಿಂತ ನಿನಗೆ ಆ ಚುಕ್ಕಿ ಹೆಚ್ಚಾಯ್ತಾ?" ಎಂದಳು. ಈ ಪ್ರಶ್ನೆಗೆ ಉತ್ತರ ಕೊಟ್ಟು ಬದುಕಿದವರಿಲ್ಲ. ಪುಸ್ತಕವನ್ನು ಮನೆಯವರ ಕೈಗಿಟ್ಟು, "ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಬರೀರಿ" ಎಂದೆ.

"ಹೋಲಿಸೋದು ನಂಗೆ ಹೇಳಿಕೊಡ್ಬೇಕಾ ಮಾರಾಯ್ತಿ? ಇಪ್ಪತ್ತು ವರ್ಷದಿಂದ ಅದೇ ಕೆಲಸ."

ಅಕ್ಕನ ಮನೆ ಊಟ ಒಂದೂವರೆ ಗಂಟೆ. ಮೇಲೆ ಬಂದು ಪುಸ್ತಕ ನೋಡಿದೆ. ಕಾಲು ಗಂಟೆಗೊಮ್ಮೆ, ಒಂದೂ ತಪ್ಪದೆ, ಉತ್ತಮದಿಂದ ಕಳಪೆಯವರೆಗೆ ಅಡಿಕೆಯ ದರ್ಜೆಗಳು: ಸರಕು, ಸರಕು, ಬೆಟ್ಟೆ, ಬೆಟ್ಟೆ, ರಾಶಿ, ಗೊರಬಲು.

ಹಟಕ್ಕೆ ಬಿದ್ದು ಅದನ್ನೇ ಕಳಿಸಿದೆ. "ಇಳಿಕೆಯ ಕ್ರಮ ಸರಿಯಾಗಿದೆ. ಆದರೆ ಗೊರಬಲು ಎಂದರೆ ಎಷ್ಟು?" ಎಂದು ಗುಂಪಿನವರು ಕೇಳಿದರು. ಮನೆಯವರಿಗೆ ಓದಿ ಹೇಳಿದೆ.

"ಅದು ಬರೆದು ಹೇಳೋದಲ್ಲ ಕಣೆ" ಎಂದರು. "ಬೇಕಿದ್ರೆ ಮಂಡಿಗೆ ಬರ್ಲಿ, ತೋರಿಸ್ತೀನಿ."

೩. ಸ್ಪರ್ಶ, ಮಧ್ಯ, ಮೋಕ್ಷ

ಮೂರನೆಯದೇ ಕೊನೆಯದು. ಇದೂ ತಪ್ಪಿದರೆ ಮುಂದಿನ ಚಳಿಗಾಲದವರೆಗೆ ಕಾಯಬೇಕು. ಹೊಸ ದೀಪಕ್ಕೆ ಅಡ್ಡವಾಗಿ ತಾರಸಿಯ ಹಗ್ಗಕ್ಕೆ ಮಂಡಿಯ ಗೋಣಿಚೀಲ ಕಟ್ಟಿದ್ದೆ. ಏಳಕ್ಕೆ ಐದು ನಿಮಿಷ ಇರುವಾಗ ಕೆಳಗಿನ ಮನೆಯ ಮಾಲೀಕಮ್ಮ ಬಟ್ಟೆ ತೆಗೆಯಲು ಮೇಲೆ ಬಂದರು.

"ಏನೇ ನೋಡ್ತಿದೀಯ?"

ಉತ್ಸಾಹದಲ್ಲಿ "ಗ್ರಹಣ ಅಮ್ಮಾ" ಅಂದುಬಿಟ್ಟೆ.

"ಪಂಚಾಂಗದಲ್ಲಿ ಇಲ್ವಲ್ಲ?"

"ಇದು ಪಂಚಾಂಗದಲ್ಲಿ ಇರಲ್ಲ. ನಕ್ಷತ್ರಕ್ಕೆ ಹಿಡಿಯೋದು."

"ನಕ್ಷತ್ರಕ್ಕೇ ಹಿಡಿಯುತ್ತಾ? ನಮ್ಮ ಮೊಮ್ಮಗಳದ್ದು ರೋಹಿಣಿ."

"ರೋಹಿಣಿಗೇನಿಲ್ಲ ಅಮ್ಮಾ, ಇದು ಬೇರೆ."

"ಸ್ಪರ್ಶ ಎಷ್ಟೊತ್ತಿಗೆ, ಮೋಕ್ಷ ಎಷ್ಟೊತ್ತಿಗೆ?"

ನನ್ನ ನಕ್ಷತ್ರದ ಬಗ್ಗೆ ಇಷ್ಟು ಅಚ್ಚುಕಟ್ಟಾಗಿ ಅದುವರೆಗೆ ಯಾರೂ ಕೇಳಿರಲಿಲ್ಲ. "ಏಳಕ್ಕೆ ಸ್ಪರ್ಶ, ಒಂಬತ್ತಕ್ಕೆ ಮಧ್ಯ, ಹನ್ನೊಂದಕ್ಕೆ ಮೋಕ್ಷ" ಎಂದು ಖುಷಿಯಿಂದ ಒಪ್ಪಿಸಿದೆ. ಅವರು ಸರಸರ ಇಳಿದರು. ಹಿಂದೆಯೇ ತಾರಸಿ ಬಾಗಿಲಿನ ಚಿಲಕ ಬಿದ್ದ ಸದ್ದು.

"ಅಮ್ಮಾ, ನಾನಿಲ್ಲೇ ಇದೀನಿ."

"ಗೊತ್ತು ಮಾರಾಯ್ತಿ. ಗ್ರಹಣ ನೋಡಿದ ಮೈಯಲ್ಲಿ ಮನೆಯೊಳಗೆ ಬರಬಾರದು. ಮೋಕ್ಷ ಆದ್ಮೇಲೆ ತೆಗೀತೀನಿ."

ಎಂಟಕ್ಕೆ ಮನೆಯವರ ಫೋನ್. "ಬಾಗಿಲು ಹಾಕಿದಾರೆ, ನೀವು ಊಟ ಮಾಡಿ" ಎಂದೆ.

"ಎಲ್ಲಿ ಊಟ? ಕೆಳಗಿನ ಮನೆ ಅಮ್ಮ ಬಂದು ಗ್ಯಾಸ್ ಆರಿಸಿ, ಸಾರಿನ ಪಾತ್ರೆಗೆ ದರ್ಭೆ ಹಾಕಿ ಹೋದ್ರು. ಹನ್ನೊಂದರವರೆಗೂ ಮುಟ್ಟಬಾರದಂತೆ."

ಹಸಿವೇನೋ ಇತ್ತು. ಆದರೆ ನಾಲ್ಕು ಗಂಟೆ ನನ್ನನ್ನು ಕರೆಯುವವರಿಲ್ಲ, ಕರೆದರೂ ಹೋಗುವ ದಾರಿಯಿಲ್ಲ. ಇಂಥ ಭಾಗ್ಯ ಯಾರಿಗುಂಟು? ಒಂಬತ್ತಕ್ಕೆ ಆಲ್ಗಾಲ್ ಪಕ್ಕದ ಸಣ್ಣ ನಕ್ಷತ್ರಗಳ ಸಾಲಿಗೆ ಇಳಿಯಿತು. ಹತ್ತರ ಹೊತ್ತಿಗೆ ಚೇತರಿಸಿಕೊಂಡಿತು. ಹನ್ನೊಂದಕ್ಕೆ ಮೊದಲಿನ ಹಾಗೇ ಫಳಫಳ. ಹದಿನೇಳು ದಾಖಲೆ, ಒಂದೂ ತಪ್ಪಿಲ್ಲ. ಒಬ್ಬಳೇ ಕುಣಿದೆ. ಮರುದಿನ ಕಳಿಸಿದ್ದನ್ನು ಗುಂಪಿನವರು ಎರಡು ಮಾತಿಲ್ಲದೆ ಒಪ್ಪಿಕೊಂಡರು.

ಅದು ಮರುದಿನದ ಮಾತು. ಆ ರಾತ್ರಿ ಸರಿಯಾಗಿ ಹನ್ನೊಂದಕ್ಕೆ ಬಾಗಿಲು ತೆರೆಯಿತು. ಮಾಲೀಕಮ್ಮ ತಾವು ಆಗಲೇ ತಲೆಗೆ ಮಿಂದು, ನನಗೊಂದು ಬಕೆಟ್ ಬಿಸಿನೀರು ಹಿಡಿದು ನಿಂತಿದ್ದರು. ಸಂತೋಷ ತಡೆಯದೆ ತಬ್ಬಿಕೊಳ್ಳಲು ಹೋದರೆ, ಮುಟ್ಟಬೇಡ ಎಂದು ಎರಡು ಮೆಟ್ಟಿಲು ಹಿಂದೆ ಸರಿದರು.

"ಬಿಡ್ತಾ?"

"ಬಿಡ್ತು ಅಮ್ಮಾ."

"ಸದ್ಯ. ಇನ್ನು ಮುಂದಿನದು ಯಾವ ವರ್ಷ?"

"ವರ್ಷ ಅಲ್ಲ ಅಮ್ಮಾ, ಮೂರು ದಿನಕ್ಕೊಂದ್ಸಲ. ನಾವೆಲ್ಲ ಹುಟ್ಟೋಕೆ ಮುಂಚಿನಿಂದ್ಲೂ ಹೀಗೇ."

ಅವರು ಬಕೆಟ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಬಹಳ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದರು.

"ಅಂದ್ರೆ ಮದುವೆಯಾಗಿ ಬಂದಾಗಿಂದ ನಾನು ಉಂಡಿದ್ದೆಲ್ಲ ಗ್ರಹಣದ ಊಟ" ಎಂದರು. "ನಮ್ಮ ಡಾಕ್ಟರು ನೋಡು, ಗ್ಯಾಸ್ಟ್ರಿಕ್ಕಿಗೆ ಸುಮ್ನೆ ಮೆಣಸಿನಕಾಯಿ ಬಿಡಿ ಅಂತಾರೆ."