ಕುಚ್ಚಲಕ್ಕಿಗೊಂದು ಸಾಕ್ಷಿ

ಗಂಜಿಯ ಬಟ್ಟಲಲ್ಲಿ ಓಟ್ಸ್ ಕಂಡಾಗ ಕರುಣಾಕರನಿಗೆ ಯಾರೋ ಪೋಸ್ಟರ್ ಹಚ್ಚಲು ಅಂಟು ಕಲಸಿಟ್ಟಂತೆ ತೋರಿತು. ಪಕ್ಕದಲ್ಲಿ ನಿನ್ನೆಯ ಬಂಗುಡೆ ಸಾರು, ಮದುಮಗ ಬದಲಾದದ್ದು ಗೊತ್ತಿಲ್ಲದ ಮದುಮಗಳಂತೆ ಕೆಂಪಗೆ ಕೂತಿತ್ತು.

“ಗಂಜಿ ಎಲ್ಲುಂಟು ಕುಶಲಾ?”

“ಇನ್ನಿಲ್ಲ. ಶುಗರ್ ಏರಿದೆ ಅಂತ ಡಾಕ್ಟರು ಹೇಳಿದ್ದು ನೆನಪುಂಟಲ್ಲ? ಅಕ್ಕಿ ಬಂದ್.”

“ಅದು ಬಿಳಿ ಅಕ್ಕಿಗೆ. ಕುಚ್ಚಲಕ್ಕಿಯಿಂದ ಎಂತ ಆಗುವುದಿಲ್ಲ. ನಮ್ಮ ಅಜ್ಜ ಮೂರು ಹೊತ್ತೂ...”

“ಅಜ್ಜ ಗದ್ದೆ ಉಳುತ್ತಿದ್ದರು. ನೀವು ಕುರ್ಚಿ ಉಳುವುದು.” ಹೆಂಡತಿ ಕುಶಲಾ ಹೈಸ್ಕೂಲಿನ ವಿಜ್ಞಾನದ ಟೀಚರ್. “ಸಂಶೋಧನೆ ತೋರಿಸಿ. ವಾಟ್ಸ್ಯಾಪಿನದ್ದು ಬೇಡ, ಸರಿಯಾದ್ದು. ತಂದರೆ ರಾತ್ರಿಗೇ ಗಂಜಿ. ಇಲ್ಲದಿದ್ದರೆ ಅಕ್ಕಿ ಡಬ್ಬ ಅಜೆಕಾರಿಗೆ, ಅಮ್ಮನ ಮನೆಗೆ.”

ಅಂಬಲಪಾಡಿಯ ಸೊಸೈಟಿಯಲ್ಲಿ ಕರುಣಾಕರ ಗುಮಾಸ್ತ. ಆ ದಿನ ಕೌಂಟರಿನಲ್ಲಿ ಕೂತದ್ದೇ ಗೂಗಲ್ ತೆರೆದ. ಮೊದಲು ಸಿಕ್ಕ ವಿಡಿಯೋ ಒತ್ತಿದ. “ಅನ್ನ ಬಿಡಿ! ಅನ್ನವೇ ವಿಷ!” ಎಂದು ಕಂಪ್ಯೂಟರಿನೊಳಗಿಂದ ಒಬ್ಬರು ಗರ್ಜಿಸಿದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೈಯಲ್ಲಿದ್ದ ಬುತ್ತಿಯನ್ನು ಸೆರಗಿನಡಿ ಬಚ್ಚಿಟ್ಟುಕೊಂಡರು.

“ಕರುಣಾಕರಣ್ಣ, ನೀವು ಶುಗರ್ ಶುಗರ್ ಅಂತ ಕೇಳಿದ್ದಕ್ಕೆ ಗೂಗಲ್ ನಿಮ್ಮ ಜಾತಕ ಬರೆದಿಟ್ಟಿದೆ,” ಎಂದ ಪಕ್ಕದ ಮೇಜಿನ ಜೆಫ್ರಿ. “ಬಾತುಕೋಳಿ ಚಿತ್ರದ ಇನ್ನೊಂದು ಹುಡುಕುವ ತಾಣ ಉಂಟು, ಅದನ್ನು ಹಾಕಿ. ಅದು ಯಾರ ಜಾತಕವನ್ನೂ ಇಟ್ಟುಕೊಳ್ಳುವುದಿಲ್ಲ.”

ಜಾತಕ ಇಲ್ಲದ್ದರಿಂದ ಬಾತುಕೋಳಿಗೆ ಊರೂ ತಿಳಿಯಲಿಲ್ಲ. ಅದು ಅವನನ್ನು ನೇರ ಅಮೆರಿಕದ ಯಾವುದೋ ಕೆರೆಯ ಕಪ್ಪು ಅಕ್ಕಿಯ ಹತ್ತಿರ ಒಯ್ದು ನಿಲ್ಲಿಸಿತು.

ಗಲಾಟೆ ಕೇಳಿ ಮ್ಯಾನೇಜರ್ ಫೌಸ್ಟಿನ್ ಹೊರಗೆ ಬಂದರು. ಬೈಯುತ್ತಾರೆಂದುಕೊಂಡರೆ, ಅವರೇ ಕುರ್ಚಿ ಎಳೆದು ಕೂತರು. “ಎಂತ ಮಾರಾಯ್ರೆ, ಪ್ರಶ್ನೆ ಹಾಕಿದರೆ ಸೀದಾ ಉತ್ತರ ಕೊಡುವ ಯಂತ್ರ ಬಂದಿದೆಯಲ್ಲ, ಅದನ್ನು ಕೇಳಿ.”

ಯಂತ್ರ ಬಹಳ ಮರ್ಯಾದೆಯಿಂದ ಹೇಳಿತು: ತಿನ್ನಬಹುದು, ತಿನ್ನದೆಯೂ ಇರಬಹುದು, ನಿಮ್ಮ ವೈದ್ಯರನ್ನು ಕೇಳಿ.

“ಕೇಳಿದ್ದಕ್ಕೇ ಈ ಗತಿ!” ಎಂದು ಕರುಣಾಕರ ತಲೆಯ ಮೇಲೆ ಕೈಹೊತ್ತ.

ಕ್ಯಾಶಿಯರ್ ಜೋನ್‌ಗೆ ಕನಿಕರ ಬಂತು. “ನೀವು ಸಂತೆಯಲ್ಲಿ ನಿಂತು ಕೇಳುತ್ತಿದ್ದೀರಿ ಸರ್. ಸಂಶೋಧನಾ ಲೇಖನಗಳಿಗೆಂದೇ ಬೇರೆ ತಾಣ ಉಂಟು.” ಅವಳು ಎರಡು ಪದ ಟೈಪ್ ಮಾಡಿದಳು. ಬಂತು! ಕುಚ್ಚಲಕ್ಕಿ ಉಂಡರೆ ಸಕ್ಕರೆ ನಿಧಾನವಾಗಿ ಏರುತ್ತದೆ ಎಂಬ ಲೇಖನ. ಬರೆದವರು ಪಕ್ಕದ ಮಣಿಪಾಲದವರೇ.

ಆದರೆ ಓದಲು ಸಿಕ್ಕಿದ್ದು ಸಾರಾಂಶ ಮಾತ್ರ. ಉಳಿದದ್ದಕ್ಕೆ ಡಾಲರ್ ಬೇಕು.

“ಬರೆದವರಿಗೇ ಮೇಲ್ ಹಾಕಿ. ಓದುತ್ತೇವೆ ಅಂದರೆ ಖುಷಿಯಲ್ಲಿ ಕಳಿಸುತ್ತಾರೆ. ಅವರಿಗಾದರೂ ಓದುವವರು ಯಾರಿದ್ದಾರೆ ಪಾಪ!” ಎಂದಳು ಜೋನ್. ಕರುಣಾಕರ ಸೊಸೈಟಿಯ ಫೋನ್ ನಂಬರನ್ನೂ ಸೇರಿಸಿ ಮೇಲ್ ಹಾಕಿದ.

ಊಟದ ಹೊತ್ತಿಗೆ ಫೋನೇ ಬಂತು. ಲೇಖಕರ ಸಹಾಯಕಿ, ತೃಷಾ. “ಲೇಖನ ಕಳಿಸಿದ್ದೇನೆ ಸರ್. ಕುಚ್ಚಲಕ್ಕಿಯ ಮೇಲೆ ಇನ್ನೊಂದು ದೊಡ್ಡ ಅಧ್ಯಯನ ಶುರುವಾಗುತ್ತಾ ಉಂಟು. ಶುಗರ್ ಇದ್ದವರು, ಇಲ್ಲದವರು ಇಬ್ಬರೂ ಬೇಕು. ಸೇರುವುದಾದರೆ ಇವತ್ತೇ ಕಡೆ. ಆರು ತಿಂಗಳ ಧಾನ್ಯ ನಮ್ಮದೇ.”

ಕರುಣಾಕರನಿಗೆ ರಿಸೀವರಿನಿಂದಲೇ ಗಂಜಿಯ ಹಬೆ ಬಂದಂತಾಯಿತು.

ಶಾಲೆ ಬಿಟ್ಟದ್ದೇ ಕುಶಲಾಳನ್ನು ಸ್ಕೂಟರಿಗೆ ಹತ್ತಿಸಿಕೊಂಡು ಮಣಿಪಾಲಕ್ಕೆ ಹೋದ. ಅವಳು ಕಾರಿಡಾರಿನಲ್ಲೇ ಕೂತು, ಉತ್ತರ ಪತ್ರಿಕೆ ತಿದ್ದುವ ಮುಖ ಮಾಡಿಕೊಂಡು ಲೇಖನವನ್ನು ಪೂರ್ತಿ ಓದಿದಳು. “ಚೆನ್ನಾಗುಂಟು. ಆದರೆ ಜನ ಕಡಿಮೆ. ಇಷ್ಟರಿಂದ ತೀರ್ಮಾನ ಆಗುವುದಿಲ್ಲ.”

“ಅದಕ್ಕೇ ದೊಡ್ಡದು ಮಾಡುವುದು ಮೇಡಂ,” ಎಂದಳು ತೃಷಾ.

“ಹಾಗಾದರೆ ಸೇರುವ. ನಾನೂ ಸೇರುತ್ತೇನೆ.”

ತೃಷಾ ವಿವರಿಸುತ್ತಲೇ ಇದ್ದಳು. ಕರುಣಾಕರ ಕೇಳದೆಯೇ ಸಹಿ ಹಾಕಿ ಆಗಿತ್ತು. ಅವಳು ಕಂಪ್ಯೂಟರಿನ ಕೀಲಿ ಒತ್ತಿದಳು.

“ಸರ್, ಚೀಟಿ ಎತ್ತಿದ ಹಾಗೆ ಈ ಕಂಪ್ಯೂಟರೇ ಗುಂಪು ಮಾಡುವುದು. ಅರ್ಧ ಜನರಿಗೆ ಕುಚ್ಚಲಕ್ಕಿ. ಹೋಲಿಸಿ ನೋಡಲಿಕ್ಕೆ ಇನ್ನರ್ಧ ಜನರಿಗೆ ಓಟ್ಸ್. ನಿಮ್ಮದು ಓಟ್ಸ್.”

“ಬದಲಾಯಿಸಲಿಕ್ಕೆ...?”

“ಬದಲಾಯಿಸಿದರೆ ಅದು ಸಂಶೋಧನೆ ಅಲ್ಲ ಸರ್. ಬೇಡವಾದರೆ ಬಿಟ್ಟು ಹೋಗಬಹುದು. ಒತ್ತಾಯ ಇಲ್ಲ.”

ಕರುಣಾಕರ ಹೆಂಡತಿಯ ಮುಖ ನೋಡಿದ. ಅಲ್ಲಿ ಒತ್ತಾಯ ಇತ್ತು.

ಕುಶಲಾಳೂ ಸಹಿ ಹಾಕಿದಳು. ತೃಷಾ ಮತ್ತೆ ಕೀಲಿ ಒತ್ತಿದಳು.

ಮಣಿಪಾಲದಿಂದ ಇಳಿಜಾರಿನಲ್ಲಿ ಬರುವಾಗ ಓಟ್ಸಿನ ಚೀಲ ಸ್ಕೂಟರಿನ ಕೊಕ್ಕೆಯಲ್ಲಿ ತೂಗುತ್ತಿತ್ತು. ಕುಚ್ಚಲಕ್ಕಿಯ ಮೂಟೆ ಕರುಣಾಕರನ ಎರಡೂ ಕಾಲುಗಳ ನಡುವೆ ಭದ್ರವಾಗಿ ಕೂತಿತ್ತು. ಅಷ್ಟರಲ್ಲಿ ಜೋನ್ ಫೋನ್ ಮಾಡಿದಳು. ಬದಿಗೆ ನಿಲ್ಲಿಸಿ ಎತ್ತಿದ.

“ಎಂತಾಯ್ತು ಸರ್? ಅಕ್ಕಿ ಸಿಕ್ಕಿತಾ?”

“ಸಿಕ್ಕಿತು ಮಾರಾಯ್ತಿ. ಕುಶಲಾಳಿಗೆ.”