ಚೆಕ್ ಮಾಡಿ ತಂದ ಸೀರೆ

ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಮೇಷ್ಟ್ರಾಗಿರುವ ನನಗೆ ‘ಚೆಕ್’ ಎಂಬ ಪದದ ಹುಟ್ಟು, ವಂಶ, ಗೋತ್ರ ಎಲ್ಲ ಗೊತ್ತು. ತೊಂದರೆ ಆಗಿದ್ದೇ ಅದರಿಂದ.

ಮಗನ ನಿಶ್ಚಿತಾರ್ಥ ಜಗಳೂರಿನಲ್ಲಿ. ಗಂಡಿನ ಕಡೆಯವರು ತಂದ ಸೀರೆ ಉಟ್ಟೇ ಹುಡುಗಿ ಹಸೆಗೆ ಕೂರಬೇಕು. ಸೀರೆ ಆರಿಸಿ, ಸೆರಗಿಗೆ ಕುಚ್ಚು ಕಟ್ಟಲು ಸಂತೇಬೆನ್ನೂರಿನ ಅಂಗಡಿಯಲ್ಲಿ ಬಿಟ್ಟಿದ್ದವಳು ಹೆಂಡತಿ ಸರೋಜ. ತರುವುದಷ್ಟೇ ನನ್ನ ಪಾಲಿನ ಘನಕಾರ್ಯ.

“ರೀ, ಕವರ್ ಬಿಚ್ಚಿ ಚೆಕ್ ಮಾಡ್ಕಂಡು ತರ್ರಿ.”

“ಚೆಕ್ ಅಂದ್ರೆ ಏನು ಗೊತ್ತೇನೆ ನಿಂಗೆ?”

“ಗೊತ್ತಿಲ್ಲ. ಮಾಡ್ಕಂಡು ಬರ್ರಿ.”

ಅಂಗಡಿ ಯಜಮಾನರೂ ಕೆಂಪು ಕವರ್ ಮುಂದಿಟ್ಟು, “ಒಂದ್ಸಲ ಚೆಕ್ ಮಾಡ್ಕಳ್ರಿ ಮೇಷ್ಟ್ರೇ,” ಎಂದರು. ಮತ್ತೆ ಅದೇ ಪದ! ತಡೆಯಲಾಗಲಿಲ್ಲ. ಪರ್ಷಿಯನ್ ಭಾಷೆಯಲ್ಲಿ ಶಾ ಅಂದರೆ ರಾಜ, ಚದುರಂಗದಲ್ಲಿ ರಾಜನಿಗೆ ಕುತ್ತು ಬಂದರೆ “ಶಾ!” ಅಂತ ಎಚ್ಚರಿಸುತ್ತಿದ್ದರು, ಅದೇ ಫ್ರೆಂಚರ ಬಾಯಲ್ಲಿ ನಲುಗಿ ಇಂಗ್ಲಿಷಿಗೆ ಬಂದು ಚೆಕ್ ಆಯಿತು ಎಂದು ಶುರು ಮಾಡಿದೆ. ತಡೆಯುವುದೂ ಚೆಕ್, ತಡೆದು ನೋಡುವುದೂ ಚೆಕ್, ಚದುರಂಗದ ಮಣೆಯಂಥ ಚೌಕುಳಿ ಬಟ್ಟೆಯೂ ಚೆಕ್ಸ್! ಕೆರೆಬಿಳಚಿಯ ಗಿರಾಕಿಯೊಬ್ಬರು ತಮ್ಮ ಕೆಂಪು ಕವರನ್ನು ನನ್ನದರ ಪಕ್ಕಕ್ಕಿಟ್ಟು ಬಾಯಿ ಬಿಟ್ಟುಕೊಂಡು ಕೇಳಿದರು. ಅಷ್ಟರಲ್ಲಿ ನಮ್ಮೂರ ಬಸ್ಸು ಹಾರನ್ ಹೊಡೆಯಿತು. ಕವರ್ ಎತ್ತಿಕೊಂಡು ಓಡಿದೆ.

“ಚೆಕ್ ಮಾಡಿದ್ರಾ?” ಮನೆಗೆ ಬಂದ ಕೂಡಲೇ ಕೇಳಿದಳು ಸರೋಜ.

“ಅರ್ಧ ಗಂಟೆ!” ಎಂದೆ. ಸುಳ್ಳೇನಲ್ಲ.

ಜಗಳೂರಿನಲ್ಲಿ ಹಿರಿಯರೆಲ್ಲರ ಎದುರು ಕವರ್ ಬಿಚ್ಚಿದರು. ಒಳಗೆ ಎರಡು ಲುಂಗಿ. ಚೆಕ್ಸ್.

ಹುಡುಗಿಯ ಅಜ್ಜ ಅಂಚು ಮುಟ್ಟಿ ನೋಡಿ, “ಬಟ್ಟೆ ಚಲೋ ಐತೆ. ನಿಮ್ ಕಡೆ ಹೆಣ್ಮಕ್ಳು ಇದನ್ನೇ ಉಡ್ತಾರೇನ್ರಿ?” ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಸಂಬಂಧ ಇಲ್ಲಿಗೆ ಮುಗೀತು ಅಂದುಕೊಂಡೆ. ಮಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸರೋಜ ತನ್ನ ಬ್ಯಾಗು ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹುಡುಗಿ ನಗು ತಡೆಯುತ್ತಾ ಬಂದು ಹಸೆಗೆ ಕೂತಳು. ಉಟ್ಟಿದ್ದು ಸರೋಜ ತನಗೆಂದು ತಂದಿದ್ದ ಹೊಸ ಸೀರೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳೇ ಬಾಯಿ ಬಿಟ್ಟಳು.

“ಚೆಕ್ ಅಂದ್ರೆ ಏನೋ ಹೇಳಾಕೆ ಬಂದಿದ್ರಲ್ಲ, ಈಗ ಹೇಳ್ರಿ.”

“ರಾಜನಿಗೆ ಕುತ್ತು ಬಂದೈತೆ ಅಂತ ಎಚ್ಚರಿಕೆ ಕೊಡೋದು,” ಎಂದೆ ಮೆಲ್ಲಗೆ.

“ಮನೆ ಬಿಡೋವಾಗ್ಲೇ ಕೊಟ್ಟಿದ್ನಲ್ರಿ!”

ಇಪ್ಪತ್ತಾರು ವರ್ಷದಲ್ಲಿ ಯಾವ ತರಗತಿಗೂ ನಾನು ಆ ಪದವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಸಿರಲಿಲ್ಲ.