ಒಂದು ಜೀವನಾಂಶ, ಮೂರು ವಾಯಿದೆ

ಹೊಸಪೇಟೆ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನಗೆ ಮನೆಯಲ್ಲಿ ಟಿ.ವಿ. ಬೇಕಾಗಿಲ್ಲ. ಬೇರೆಯಾದ ಗಂಡ-ಹೆಂಡಿರ ಕೇಸು ಹಿಡಿದರೆ ಸಾಕು, ವಾರಕ್ಕೊಮ್ಮೆಯಾದರೂ ನಗು ತಡೆದುಕೊಳ್ಳುವ ಪ್ರಸಂಗ ಬಂದೇ ಬರುತ್ತದೆ. ಈ ಕೇಸಂತೂ ಮೂರು ವಾಯಿದೆಯಲ್ಲೂ ನಗಿಸಿತು.

ನನ್ನ ಕಕ್ಷಿದಾರಳು ಕಂಪ್ಲಿಯವಳು, ಹೊಲಿಗೆ ಮಷಿನ್ ತುಳಿದು ಬದುಕುವವಳು. ಹಳೇ ಆದೇಶ ಆದಾಗ ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಹತ್ತನೇ ಕ್ಲಾಸು ಮುಗಿಸಿ ಹೊಸಪೇಟೆಯಲ್ಲಿ ಪಿ.ಯು. ಸೈನ್ಸ್ ಸೇರಬೇಕು. ಜೀವನಾಂಶ ಮಾತ್ರ ಇನ್ನೂ ಅಂಬೆಗಾಲಿನಲ್ಲೇ ಇತ್ತು. ಅದನ್ನು ಏರಿಸಿ ಅಂತ ನಮ್ಮ ಅರ್ಜಿ. ಏರದಿದ್ದರೆ ಹುಡುಗಿ ಓದು ಬಿಟ್ಟು ತಾಯಿಯ ಪಕ್ಕ ಇನ್ನೊಂದು ಮಷಿನ್ನಿಗೆ ಕೂರಬೇಕು.

೧. ಬಡವನ ಅಂಗಿ

ಗಂಡ ಸಂಡೂರು ಹತ್ತಿರದ ಯಶವಂತನಗರದವನು. ಮೊದಲ ವಾಯಿದೆಗೆ ಹರಿದ ಅಂಗಿ, ಸವೆದ ಚಪ್ಪಲಿಯಲ್ಲಿ ಬಂದು, ಕೂಲಿ ಮಾಡ್ತೀನಿ, ಅದೂ ಸಿಕ್ಕರೆ ಸಿಕ್ಕಿತು ಅಂತ ಕೈ ಮುಗಿದ. ಸುಳ್ಳು ಯಾಕೆ ಹೇಳಲಿ, ನನಗೂ ಅಯ್ಯೋ ಪಾಪ ಅನ್ನಿಸಿತು. ಅವನು ತಿರುಗಿದಾಗ ನೋಡಿದರೆ ಕಾಲರಿನ ಹಿಂದೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ. ಮನೆಯಲ್ಲಿ ಹಳೇ ಅಂಗಿಯೇ ಇಲ್ಲದ ಪುಣ್ಯಾತ್ಮ, ಹೊಸದು ಕೊಂಡು ಹರಿದುಕೊಂಡು ಬಂದಿದ್ದ.

೨. ಖರ್ಚಿನ ಪಟ್ಟಿ

ಎರಡನೇ ವಾಯಿದೆಗೆ ನಮ್ಮ ಸರದಿ. ಮಗಳ ಖರ್ಚು ಬರೆದುಕೊಂಡು ಬಾ ಅಂದಿದ್ದೆ. ತಂದಳು. ಹಾಲು: ಮನಿ ಎಮ್ಮಿ ಐತಿ. ಬಟ್ಟೆ: ನಾನೇ ಹೊಲೀತೀನಿ. ಅಕ್ಕಿ: ಅಣ್ಣ ಕೊಡ್ತಾನ. ಕೂಡಿಸಿದರೆ ಈಗ ಬರುತ್ತಿರುವುದಕ್ಕಿಂತ ಕಡಿಮೆ! ಇದನ್ನು ಕೊಟ್ಟರೆ ನೀನೇ ಅವನಿಗೆ ತಿರುಗಿ ಕೊಡಬೇಕಾಗ್ತದೆ ತಾಯಿ ಅಂತ ಹಣೆ ಚಚ್ಚಿಕೊಂಡೆ.

"ಮಗಳನ್ನ ಸಾಕಾಕ ಆಗವಲ್ದು ಅಂತ ಬರಿಲೇನ್ರಿ ಯಕ್ಕಾ? ಇಲ್ಲೀತನಕ ಸಾಕೀನಿ. ಕಾಲೇಜಿಂದೊಂದು ಕೊಡ್ಲಿ, ಸಾಕು."

ಫೀಸು, ಹಾಸ್ಟೆಲ್ಲು, ಪುಸ್ತಕ ಅಂತ ನಾನೇ ಕೂತು ಬರೆದೆ. ಒಂದೊಂದು ಸಾಲಿಗೂ "ಇಷ್ಟ್ಯಾಕ್ರಿ, ಕಮ್ಮಿ ಹಾಕ್ರಿ" ಅಂತ ಚೌಕಾಸಿ ಮಾಡಿದಳು, ಅದೂ ಗಂಡನ ಪರವಾಗಿ.

೩. ಟಿಪ್ಪರ್ ಯಾರದು?

ಗಂಡನದು ಅದಿರು ಹೊರುವ ಟಿಪ್ಪರ್ ಇದೆ ಅಂತ ಊರಿಗೆಲ್ಲ ಗೊತ್ತು. ಕಾಗದ ಮಾತ್ರ ಅವನ ಅಣ್ಣನ ಹೆಸರಲ್ಲಿ. ನಮ್ಮ ಕಡೆ ಗಾಡಿ ಕೊಂಡವನು ಮೊದಲು ಗಾಜಿನ ಮೇಲೆ ಮಕ್ಕಳ ಹೆಸರು ಬರೆಸುತ್ತಾನೆ. ಮೂರನೇ ವಾಯಿದೆಗೆ ಆ ಟಿಪ್ಪರಿನ ಫೋಟೋ ಕೊಟ್ಟೆ. ಗಾಜಿನ ಮೇಲೆ ಹಳದಿ ಅಕ್ಷರದಲ್ಲಿ ಇವನ ಮಗಳ ಹೆಸರು. ಸಾಕ್ಷಿ ಹೇಳಲು ಬಂದಿದ್ದ ಅಣ್ಣ, ತಮ್ಮನ ಮಗಳೂ ನನ್ನ ಮಗಳಿದ್ದಂಗ, ಪ್ರೀತಿಗೆ ಬರೆಸಿದೆ ಅಂದುಬಿಟ್ಟ. ಹುಡುಗಿಯ ಕಾಲೇಜು ಹೋಯಿತು ಅಂದುಕೊಂಡೆ.

ಸುಮ್ಮನೆ ಸೋಲಲಾಗದೆ, ನಿಮಗೆ ಮಕ್ಕಳಿಲ್ಲವೇ ಅಂತ ಕೇಳಿದೆ. ಇಬ್ಬರು ಗಂಡುಮಕ್ಕಳು ಅಂದ. ಮತ್ತೆ ಅವರ ಹೆಸರು ಯಾಕಿಲ್ಲ? ಅಣ್ಣ ಕೈ ಝಾಡಿಸಿದ.

"ಅದೇನ್ ಮಹಾ ಬಿಡ್ರಿ. ನಾಳೇನ ಇದನ್ನ ಅಳಿಸಿ ನಮ್ಮ ಹುಡುಗರ ಹೆಸರು ಬರಸ್ತೀನಿ."

ಹಿಂದೆ ಕೂತಿದ್ದ ತಮ್ಮ ಎದ್ದು ನಿಂತ. ಅವನ ವಕೀಲರು ಜಗ್ಗಿದರೂ ಕೂರಲಿಲ್ಲ.

"ನನ್ನ ಮಗಳ ಹೆಸರು ಅಳಸಾಕ ನೀ ಯಾರಲೇ? ಐದು ವರ್ಷ ನಾ ಕಂತು ಕಟ್ಟಿದ ಗಾಡಿ ಅದು!"

ನ್ಯಾಯಾಧೀಶರು ಪೆನ್ನು ತೆಗೆದು, ಇನ್ನೊಮ್ಮೆ ನಿಧಾನ ಹೇಳ್ರಿ ಅಂದರು. ಸಿಟ್ಟಿನ ಭರದಲ್ಲಿ ಗಾಡಿ ನಂಬರ್ ಸಮೇತ ಹೇಳಿದ.

ಜೀವನಾಂಶ ಏರಿತು, ಫೀಸು ಹಾಸ್ಟೆಲ್ಲು ಎಲ್ಲ ಅವನ ತಲೆಗೇ ಬಿತ್ತು. ಗೆದ್ದೆವು! ಆದೇಶದ ದಿನ ಅವನು ನನ್ನ ಹತ್ತಿರ ಬಂದಾಗ ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವನು ಕೇಳಿದ್ದು ಒಂದೇ.

"ಮೇಡಮ್ಮರ, ಗಾಜಿನ ಮ್ಯಾಲಿನ ಹೆಸರು ಹಂಗ ಇರ್ತೈತಲ್ರೀ?"